ಅಬ್ಬಾ, ಶಿರಾಳಕೊಪ್ಪದ ಸುತ್ತಮುತ್ತ!

ತಾಳಗುಂದದ ಕಂಬದ ಮುಂದೆ ನಿಂತವರೆಲ್ಲ ಕತ್ತು ವಾಲಿಸುತ್ತಾರೆ. ವಾಲಿಸದೆ ಗತಿಯಿಲ್ಲ! ಬೂದುಬಣ್ಣದ ಗಟ್ಟಿ ಕಲ್ಲು, ಎಂಟು ಮುಖ, ಎತ್ತರವೇನೂ ಹೆಚ್ಚಲ್ಲ, ಒಂದು ಆಳಿನಷ್ಟು. ಸಾಲುಗಳು ಮಾತ್ರ ಅಡ್ಡಕ್ಕೆ ಓಡದೆ ಬುಡದಿಂದ ಶುರುವಾಗಿ ನೆಟ್ಟಗೆ ಮೇಲಕ್ಕೆ ಹತ್ತುತ್ತವೆ. ಒಂದೊಂದೇ ಅಕ್ಷರ ಬೆರಳ ತುದಿಯಲ್ಲಿ ಹಿಡಿಯುತ್ತಾ ಹೋದರೆ ಮೈ ಜುಮ್ಮೆನ್ನುತ್ತದೆ. ಏಕೆಂದರೆ ಇದು ಕದಂಬರ ಹುಟ್ಟಿನ ಕಥೆ! ಈ ಊರಿನ ಹುಡುಗ ಮಯೂರಶರ್ಮ ವೇದ ಓದಲು ಕಂಚಿಯ ಘಟಿಕಾಸ್ಥಾನಕ್ಕೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದದ್ದು, ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿದ್ದು, ಎಲ್ಲ ಇಲ್ಲಿದೆ. ಐದನೆಯ ಶತಮಾನದಲ್ಲಿ ಶಾಂತಿವರ್ಮನ ಕಾಲಕ್ಕೆ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ಕಟ್ಟಿದ ಕಾವ್ಯ ಇದು. ಕಟ್ಟಿದವನೂ ಅವನೇ, ಕಲ್ಲಿಗೆ ಬರೆದವನೂ ಅವನೇ!

ಅದರ ಎದುರಿಗೇ ಪ್ರಣವೇಶ್ವರ ಗುಡಿ. ಇಲ್ಲಿಯ ಶಿವನನ್ನು ತನಗಿಂತ ಹಿಂದೆಯೇ ಸಾತಕರ್ಣಿ ಮೊದಲಾದ ಅರಸರು ಪೂಜಿಸಿದ್ದರು ಎನ್ನುತ್ತಾನೆ ಕುಬ್ಜ. ನಾವು ಹಳೆಯದೆಂದು ಕೈಮುಗಿಯುವ ಕಂಬಕ್ಕೇ ಈ ಜಾಗ ಹಳೆಯದಾಗಿತ್ತು! ಇಷ್ಟು ಸಾಲದೆಂಬಂತೆ, ಪುರಾತತ್ವ ಇಲಾಖೆ ಇತ್ತೀಚೆಗೆ ಇಲ್ಲಿ ಉತ್ಖನನ ನಡೆಸಿದಾಗ ಮೆಟ್ಟಿಲ ಪಕ್ಕದ ಸಿಂಹಕಟಾಂಜನದ ಮೇಲೆ ಸಂಸ್ಕೃತದ ಜೊತೆ ಕನ್ನಡವೂ ಸಿಕ್ಕಿತು. ಇಲಾಖೆ ಹೇಳುವ ಕಾಲ ಕ್ರಿ.ಶ. 370. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ಹಲ್ಮಿಡಿಗಿಂತ ಎಂಬತ್ತು ವರ್ಷ ಹಿಂದೆ! ಕಾಲದ ಬಗ್ಗೆ ವಿದ್ವಾಂಸರ ಚರ್ಚೆ ನಡೆಯಲಿ. ನಮ್ಮ ನುಡಿ ಕಲ್ಲಿಗೆ ಇಳಿದ ಮೊದಲ ಹೆಜ್ಜೆಗಳಲ್ಲಿ ಒಂದು ಶಿಕಾರಿಪುರ ತಾಲ್ಲೂಕಿನ ಈ ಸಣ್ಣ ಊರಿನಲ್ಲಿದೆ ಎಂಬುದೇ ನನಗೆ ಸಾಕು.

ಮುಂದಿನದು ಬಳ್ಳಿಗಾವಿ. ದಯವಿಟ್ಟು ಇಲ್ಲಿ ಅವಸರ ಬೇಡ. ಊರ ನಡುವೆ ಮುಗಿಲಿಗೆ ನಿಗುರಿ ನಿಂತ ಭೇರುಂಡೇಶ್ವರ ಕಂಬ 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ್ದು. ಸರ್ಕಾರಿ ಕಾಗದದ ಮೇಲೆ ದಿನವೂ ಕಾಣುವ ಗಂಡಭೇರುಂಡಕ್ಕೆ ಇಲ್ಲಿ ಮನುಷ್ಯನ ಮೈಯಿದೆ! ಕೇದಾರೇಶ್ವರ ತ್ರಿಕೂಟ ಗುಡಿ. ಎರಡು ಗರ್ಭಗುಡಿಯಲ್ಲಿ ಲಿಂಗ, ಮೂರನೆಯದರಲ್ಲಿ ವಿಷ್ಣು. ತ್ರಿಪುರಾಂತಕೇಶ್ವರದ ಬುಡದ ಪಟ್ಟಿಕೆಗೆ ಬಗ್ಗಿ ನೋಡಿ, ಪಂಚತಂತ್ರದ ಪ್ರಾಣಿಗಳು ಇನ್ನೂ ತಮ್ಮ ಕಥೆ ಮುಗಿಸಿಲ್ಲ. ಇದೇ ಊರಿನಲ್ಲಿ 1065ರಲ್ಲಿ ರೂಪಭಟ್ಟಯ್ಯನೆಂಬ ಮಂತ್ರಿ ಬೌದ್ಧ ವಿಹಾರ ಕಟ್ಟಿಸಿ ತಾರಾ ಭಗವತಿಯನ್ನು ಪೂಜೆಗಿಟ್ಟಿದ್ದ. ಬಸದಿಗಳೂ ಇದ್ದವು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಲ್ಪವಲ್ಲ, ಒಂದು ಶಾಸನ. 1162ರದು, ಬಿಜ್ಜಳನ ಕಾಲದ್ದು, ಕಾಳಾಮುಖರ ಕೋಡಿಯ ಮಠದ ವರ್ಣನೆ. ನಾಲ್ಕು ವೇದ, ಪಾಣಿನಿ ಶಾಕಟಾಯನರ ವ್ಯಾಕರಣ, ಷಡ್ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ ಎಲ್ಲವನ್ನೂ ಅಲ್ಲಿ ಕಲಿಸುತ್ತಿದ್ದರಂತೆ. ಅಷ್ಟೇ ಆಗಿದ್ದರೆ ದೊಡ್ಡ ಪಾಠಶಾಲೆ ಎಂದು ಮುಂದೆ ಹೋಗುತ್ತಿದ್ದೆ. ಶಾಸನ ಅಲ್ಲಿಗೆ ನಿಲ್ಲುವುದಿಲ್ಲ! ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ. ಹಾಡುವವರಿಗೆ, ಕೊಳಲೂದುವವರಿಗೆ, ಕುಣಿಯುವವರಿಗೆ ಅನ್ನ. ದಿಗಂಬರ ಕ್ಷಪಣಕರಿಗೂ ಏಕದಂಡಿ ತ್ರಿದಂಡಿಗಳಿಗೂ ಅದೇ ಪಂಕ್ತಿಯಲ್ಲಿ ಜಾಗ. ರೋಗಿಗಳಿಗೆ ಔಷಧ. ಹೆದರಿ ಓಡಿಬಂದವರಿಗೆ ಅಭಯ. ಇಟಲಿಗೆ ಹೋದವರು ಬೊಲೊನ್ಯಾದಲ್ಲಿ 1088ರ ವಿಶ್ವವಿದ್ಯಾಲಯವೆಂದು ಕಂಬಕಂಬಕ್ಕೂ ಫೋಟೊ ತೆಗೆಸಿಕೊಂಡು ಬರುತ್ತಾರೆ, ಬರಲಿ, ಅದಕ್ಕೆ ಅರ್ಹವಾದ ಊರೇ ಅದು. ಅದು ಬೆಳೆಯುತ್ತಿದ್ದ ಆ ಶತಮಾನದಲ್ಲೇ ನಮ್ಮ ಮಲೆನಾಡಿನ ಸೆರಗಿನ ಈ ಮಠ ಪಾಠವನ್ನೂ ಅನ್ನವನ್ನೂ ಮದ್ದನ್ನೂ ಒಂದೇ ಸೂರಿನಡಿ ಹಂಚುತ್ತಿತ್ತು. ಈ ಸಂಗತಿ ನಮ್ಮ ಪ್ರತಿ ಮಗುವಿಗೂ ಗೊತ್ತಿರಬೇಕು!

ಇನ್ನೊಂದು ಬೆರಗು ಉಳಿದಿದೆ. ಮದ್ದಳೆ ಬಾರಿಸುತ್ತಿದ್ದ ಅಲ್ಲಮ ಬಳ್ಳಿಗಾವಿಯವನು. ಅಕ್ಕಮಹಾದೇವಿಯ ಉಡುತಡಿ ಇದೇ ತಾಲ್ಲೂಕಿನಲ್ಲಿ. ಹೆಚ್ಚುಕಡಿಮೆ ನೆರೆಯೂರಿನ ಇಬ್ಬರು ಅಷ್ಟು ದೂರದ ಕಲ್ಯಾಣದಲ್ಲಿ ಎದುರುಬದುರಾಗಿ, ಅವನು ಕೇಳಿ, ಇವಳು ಉತ್ತರಿಸಿ, ಕನ್ನಡಕ್ಕೆ ಆ ಸಂವಾದ ದಕ್ಕಿತು!

ಬಂದಳಿಕೆಯ ಶಾಂತಿನಾಥ ಬಸದಿಯನ್ನೂ ತ್ರಿಮೂರ್ತಿ ಗುಡಿಯನ್ನೂ ನೋಡಿಕೊಂಡು, ಹೊತ್ತು ಇಳಿಯುವುದರೊಳಗೆ ಸೊರಬ ತಾಲ್ಲೂಕಿಗೆ ದಾಟಿ. ಆನವಟ್ಟಿಯ ಬಳಿ ಕುಬಟೂರು. ಇದೇ ಚಂದ್ರಹಾಸನ ಕುಂತಳನಗರ ಎಂಬುದು ಐತಿಹ್ಯ. ಸುಮಾರು 1100ರ ಹೊತ್ತಿನ ಕೈಟಭೇಶ್ವರ ಗುಡಿಯ ತೆರೆದ ಮಂಟಪಕ್ಕೆ ಹತ್ತಿದರೆ ಎಲ್ಲಿ ನೋಡಿದರಲ್ಲಿ ತಿರುಗಣೆ ಕಂಬಗಳು. ಒಂದರ ನಡುವಿಗೆ ಕೈಯಿಟ್ಟು ನೋಡಿ. ಬಳೆ ತೊಡಿಸಿದಂತೆ ಒಂದರ ಮೇಲೊಂದು ಸುತ್ತು, ಒಂದು ಚೂಪು, ಒಂದು ದುಂಡು, ಒಂದು ಹೊಟ್ಟೆಯುಬ್ಬಿದ್ದು. ಉಗುರು ಸಿಕ್ಕುವಷ್ಟು ತೆಳುವಾದ ಅಂಚುಗಳು! ಕಲ್ಲನ್ನು ತಿರುಗಿಸಿ ಹೀಗೆ ಕಡೆದ ಕೈಗಳು ಯಾರವು? ಎಷ್ಟು ಹೊತ್ತು ಬೇಕಾದರೂ ಕೂತಿರಿ. ಸೊರಬದಿಂದಾಚೆ ಚಂದ್ರಗುತ್ತಿಯ ರೇಣುಕಾಂಬೆ ಇದ್ದಾಳೆ, ಕೋಟೆಯಿದೆ, ಮಯೂರನ ವಂಶದ ರಾಜಧಾನಿ ಬನವಾಸಿಯೂ ಹತ್ತಿರವೇ. ಅವೆಲ್ಲ ನಾಳೆಗಿರಲಿ, ಒಂದೇ ಹಗಲಿಗೆ ತುರುಕಬೇಡಿ.