ಇರಾನಿನ ವ್ಯಾಪಾರ ಮರ್ಯಾದೆ

ಖರೀದಿ, ರವಾನೆ, ರಸೀದಿ, ಗುಮಾಸ್ತ, ದಸ್ತಾವೇಜು—ನಮ್ಮ ಅಂಗಡಿ ಕಚೇರಿಗಳಲ್ಲಿ ದಿನವೂ ಕೇಳಿಬರುವ ಈ ಮಾತುಗಳು ಪಾರಸಿಯಿಂದ ಬಂದುವು. ಮಾತಿನಂತೆ ವರ್ತಕರೂ ಬಂದರು. ಷಿರಾಜಿನ ಆಗಾ ಆಲಿ ಅಸ್ಕರರು 1824ರ ಸುಮಾರಿಗೆ ಕುದುರೆಗಳನ್ನು ತಂದು ಬೆಂಗಳೂರಿನಲ್ಲಿ ನೆಲೆನಿಂತರು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರು ಅವರ ಮೊಮ್ಮಗ. ಪರಿಚಯವು ಇಷ್ಟು ಹಳೆಯದಾದರೂ, ಆ ದೇಶದ ಮಾತಿನ ರೀತಿಯನ್ನರಿಯದೆ ಅಲ್ಲಿ ವ್ಯಾಪಾರಕ್ಕಿಳಿದವನು ತೊಡಕಿಗೆ ಸಿಕ್ಕುವುದುಂಟು.

ಇರಾನಿನ ಅಂಗಡಿಯಲ್ಲಿ ಬೆಲೆಯನ್ನು ವಿಚಾರಿಸಿದರೆ ಒಮ್ಮೊಮ್ಮೆ 'ಕಾಬೆಲ್ ನದಾರೆ' ಎಂಬ ಉತ್ತರ ಬರುತ್ತದೆ. ತಮ್ಮಂಥವರಿಗೆ ಇದು ಏತರದು ಎಂದು ಅದರ ಭಾವ. ಅದನ್ನೇ ನಂಬಿ ಸರಕನ್ನು ಎತ್ತಿಕೊಂಡು ಹೊರಟರೆ ಅನರ್ಥವಾಗುತ್ತದೆ. ಈ ಉಪಚಾರಕ್ಕೆ 'ತಾರೋಫ್' ಎಂದು ಹೆಸರು. ಮಾರುವವನು ಹಣ ಬೇಡವೆನ್ನುವನು, ಕೊಳ್ಳುವವನು ಒತ್ತಾಯಪಡಿಸುವನು. ಎರಡು ಮೂರು ಸಲ ಹೀಗಾದ ಮೇಲೆ ಬೆಲೆಯು ಹೊರಬೀಳುತ್ತದೆ. ಚೌಕಾಶಿಯ ಆರಂಭ ಅಲ್ಲಿಂದ.

ಇದು ನಮಗೆ ತೀರ ಹೊಸದೇನೂ ಅಲ್ಲ. ಸೊರಬದ ಸೀಮೆಯಲ್ಲಿ, ಜಡೆ ಆನವಟ್ಟಿಗಳ ಕಡೆ, ಮನೆಗೆ ಬಂದವರು 'ಈಗ ತಾನೆ ಆಯಿತು, ಬೇಡಿ' ಎಂದರೆ ಯಜಮಾನರು ಅದನ್ನು ನಿಜವೆಂದು ಎಣಿಸುವರೆ? ಎಲೆಅಡಿಕೆಯ ತಟ್ಟೆ ಬಂದು, ಮಳೆಬೆಳೆಯ ಮಾತಾಗಿ, ಅನಂತರವಷ್ಟೆ ಅಡಿಕೆಯ ಧಾರಣೆ. ದನದ ಜಾತ್ರೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರವನ್ನು ಹೇಳುವ ವಾಡಿಕೆಯನ್ನೂ ನಾವು ಬಲ್ಲೆವು. ಇರಾನಿನಲ್ಲಿ ವಲ್ಲಿಯ ಕೆಲಸವನ್ನು ಮಾತು ಮಾಡುತ್ತದೆ.

ಆದುದರಿಂದ ಅಲ್ಲಿ ಚಹಾ ಮುಗಿಯುವ ಮೊದಲೇ ಲೆಕ್ಕವನ್ನು ಎತ್ತಬಾರದು. ಸ್ತ್ರೀಯರು ತಾವಾಗಿ ಕೈ ನೀಡದೆ ಪುರುಷರು ಕೈಕುಲುಕಲು ಮುಂದಾಗಬಾರದು. 'ಇನ್ಷಾ ಅಲ್ಲಾ, ನೋಡೋಣ' ಎಂಬುದು ಒಪ್ಪಿಗೆಯೂ ಆಗಬಹುದು, ನೋಯಿಸದಂತೆ ಹೇಳಿದ ನಿರಾಕರಣೆಯೂ ಆಗಬಹುದು. ಹಣದ ಮಾತಿನಲ್ಲಂತೂ ವಿಶೇಷ ಎಚ್ಚರ ಬೇಕು. ಕಾಗದದಲ್ಲಿ ರಿಯಾಲಿನ ಲೆಕ್ಕ, ಬಾಯಿಮಾತಿನಲ್ಲಿ ತೋಮಾನಿನ ಲೆಕ್ಕ ನಡೆಯುವುದು ಬಹುಕಾಲದ ರೂಢಿ. ಹತ್ತು ರಿಯಾಲಿಗೆ ಒಂದು ತೋಮಾನು. ಯಾವುದೆಂದು ಕೇಳದಿದ್ದರೆ ಒಂದಕ್ಕೆ ಹತ್ತರಷ್ಟು ತಪ್ಪುತ್ತದೆ.

ಉಪಚಾರವನ್ನು ಕರಾರೆಂದು ಭಾವಿಸಬಾರದು. ಕರಾರೊಂದೇ ಸಾಕೆಂದೂ ನಂಬಬಾರದು. ಕುದುರೆಮುಖದ ಕಬ್ಬಿಣದ ಅದಿರಿಗಾಗಿ 1975ರಲ್ಲಿ ಇರಾನಿನೊಡನೆ ಒಪ್ಪಂದವಾಯಿತು. 63 ಕೋಟಿ ಡಾಲರು ಸಾಲ ಕೊಟ್ಟು ಅದಿರನ್ನು ಕೊಳ್ಳುವುದಾಗಿ ಆ ದೇಶವು ಒಪ್ಪಿತು. 1976ರಲ್ಲಿ ಕಂಪೆನಿ ಸ್ಥಾಪನೆಯಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಆ ಏರ್ಪಾಡು ಮುರಿದುಬಿದ್ದಿತು. ಗಣಿ ಸಿದ್ಧವಾಗುವ ಹೊತ್ತಿಗೆ ಕಂಪೆನಿಯು ಬೇರೆ ಗಿರಾಕಿಗಳನ್ನು ಹುಡುಕಿಕೊಳ್ಳಬೇಕಾಯಿತು. ಇದರಲ್ಲಿ ಮಾತಾಡಿದವರ ಮರ್ಯಾದೆಯ ದೋಷವೇನೂ ಇರಲಿಲ್ಲ, ರಾಜ್ಯವೇ ಬದಲಾಗಿತ್ತು. ಚಹಾವನ್ನು ಸಾವಧಾನವಾಗಿ ಕುಡಿಯುವುದು, ಒಪ್ಪಿದ ದರವನ್ನು ರಿಯಾಲಿನಲ್ಲಿ ಬರೆಯಿಸಿಕೊಳ್ಳುವುದು, ಒಬ್ಬನೇ ಗಿರಾಕಿಯನ್ನು ನೆಚ್ಚಿ ಕೂರದಿರುವುದು—ಈ ಮೂರನ್ನೂ ಮರೆಯದವನಿಗೆ ಇರಾನಿನ ಬಜಾರು ಪರಕೀಯವೆನಿಸದು.