ಕೀ ಕೊಡುವ ಹಳೆಯ ವಾಚಿಗೆ ತಕ್ಕ ಬಿಡಿಭಾಗ

ಕೀ ಕೊಡುವ ಹಳೆಯ ವಾಚಿಗೆ ಬಿಡಿಭಾಗ ಬೇಕಾದಾಗ ಎಲ್ಲರೂ ಮೊದಲು ಹೇಳುವುದು ಡಯಲ್ ಮೇಲಿನ ಹೆಸರನ್ನು. ಬಿಡಿಭಾಗದ ಮಟ್ಟಿಗೆ ಆ ಹೆಸರಿನಿಂದ ಹೆಚ್ಚು ಪ್ರಯೋಜನವಿಲ್ಲ. ಕಳೆದ ಶತಮಾನದ ಎಷ್ಟೋ ಸ್ವಿಸ್ ವಾಚ್ ಕಂಪನಿಗಳು ಒಳಗಿನ ಮಷೀನನ್ನು ತಾವೇ ತಯಾರಿಸುತ್ತಿರಲಿಲ್ಲ. ಎಎಸ್, ಎಫ್‌ಎಚ್‌ಎಫ್, ಇಟಿಎ, ಯೂನಿಟಾಸ್‌ನಂಥ ತಯಾರಕರಿಂದ ಮಷೀನ್ ಕೊಂಡು, ತಮ್ಮ ಹೆಸರು ಕೆತ್ತಿಸಿ, ತಮ್ಮ ಕೇಸಿನಲ್ಲಿ ಕೂರಿಸಿ ಮಾರುತ್ತಿದ್ದವು. ಹಾಗಾಗಿ ಒಂದೇ ಬ್ರ್ಯಾಂಡಿನ, ನೋಡಲು ಅವಳಿಯಂತಿರುವ ಎರಡು ವಾಚುಗಳೊಳಗೆ ಬೇರೆ ಬೇರೆ ಮಷೀನ್ ಇರುವುದುಂಟು. ಕೇಳಬೇಕಾದ್ದು ಕಂಪನಿಯ ಹೆಸರಲ್ಲ, ಮಷೀನಿನ ಕ್ಯಾಲಿಬರ್ ಸಂಖ್ಯೆ.

ಹಿಂಬದಿ ಮುಚ್ಚಳ ತೆಗೆದು, ಕಣ್ಣಿಗೆ ಲೆನ್ಸ್ ಹಾಕಿ, ಮೊದಲು ಬ್ಯಾಲೆನ್ಸ್ ಚಕ್ರದ ಕೆಳಗೆ ನೋಡಿ. ಮುಖ್ಯ ತಟ್ಟೆಯ ಮೇಲೆ, ಚಕ್ರದ ಅಂಚಿನ ನೆರಳಲ್ಲಿ ಪುಟ್ಟ ಮುದ್ರೆಯೊಂದು ಇರುತ್ತದೆ: ಎಎಸ್ ಅಥವಾ ಎಫ್‌ಎಚ್‌ಎಫ್ ಅಕ್ಷರಗಳು, ಯೂನಿಟಾಸ್ ಆದರೆ ಯುಟಿ. ಅದರ ಪಕ್ಕದಲ್ಲಿರುವುದೇ ಕ್ಯಾಲಿಬರ್ ಸಂಖ್ಯೆ. ಅಲ್ಲಿ ಕಾಣದಿದ್ದರೆ ಡಯಲ್ ತೆಗೆದು ಅದರ ಅಡಿಯಲ್ಲಿ ಹುಡುಕಬೇಕು. ಬ್ರಿಜ್ ಮೇಲೆ ದಪ್ಪಗೆ ಕೆತ್ತಿರುವ ಸಂಖ್ಯೆಗೆ ಮರುಳಾಗಬೇಡಿ. ಅದು ಸರಣಿ ಸಂಖ್ಯೆಯೂ ಆಗಿರಬಹುದು, ಪೇಟೆಂಟ್ ಸಂಖ್ಯೆಯೂ ಆಗಿರಬಹುದು. ಮುಂದೆ ಪುಟ್ಟ ಶಿಲುಬೆ ಗುರುತಿದ್ದರೆ ಅದು ಸ್ವಿಸ್ ಪೇಟೆಂಟು.

ನಮ್ಮ ಮನೆಗಳಲ್ಲಿರುವ ಹಳೆಯ ವಾಚುಗಳಲ್ಲಿ ಎಚ್‌ಎಂಟಿಯದೇ ದೊಡ್ಡ ಪಾಲು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ವಾಚ್ ಉದ್ಯಮವನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಕೀ ಕೊಡುವ ಜನತಾ, ಪೈಲಟ್ ಮುಂತಾದವುಗಳಲ್ಲಿ ಹೆಚ್ಚಾಗಿ ಸಿಗುವುದು 17 ಜ್ಯೂಯೆಲ್‌ಗಳ 0231 ಮಷೀನ್. ಮಾದರಿ ಬೇರೆಯಾದರೂ ಮಷೀನ್ ಒಂದೇ ಆದ್ದರಿಂದ ಜನತಾದ ಭಾಗ ಪೈಲಟ್‌ಗೆ ಕೂರುತ್ತದೆ. ಹಳೆಯ ದಾಸ್ತಾನು ಕರಗುತ್ತಿರುವ ಈ ಹೊತ್ತಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಸಂಖ್ಯೆಯೇ ಸಿಗದಿದ್ದರೆ ಅಳತೆ ಮತ್ತು ಆಕಾರವೇ ಗತಿ. ಡಯಲ್ ಬದಿಯಲ್ಲಿ ಮಷೀನಿನ ವ್ಯಾಸವನ್ನು ಕ್ಯಾಲಿಪರ್‌ನಿಂದ ಅಳೆಯಿರಿ. ಹಳೆಯ ಕ್ಯಾಟಲಾಗುಗಳು ಅದನ್ನು ಲೀನ್ ಎಂಬ ಮಾನದಲ್ಲಿ ಕೊಡುತ್ತವೆ. ಒಂದು ಲೀನ್ ಎಂದರೆ ಸುಮಾರು 2.256 ಮಿ.ಮೀ. ಆಮೇಲೆ ಡಯಲ್ ಅಡಿಯಲ್ಲಿ, ಕೀ ಎಳೆದಾಗ ಮುಳ್ಳು ತಿರುಗಿಸುವ ಸ್ಥಿತಿಗೆ ಬದಲಾಯಿಸುವ ಸನ್ನೆ ಮತ್ತು ಸ್ಪ್ರಿಂಗುಗಳ ಗುಂಪನ್ನು ನೋಡಿ. ಗೇರುಚಕ್ರಗಳು ಎಲ್ಲ ಮಷೀನಿನಲ್ಲೂ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ. ಈ ಸ್ಪ್ರಿಂಗ್ ತಗಡಿನ ಬಾಗು, ಮೂಲೆ, ಸ್ಕ್ರೂ ತೂತಿನ ಜಾಗ ಮಾತ್ರ ಒಂದೊಂದು ತಯಾರಕನದು ಒಂದೊಂದು ರೀತಿ. ಬೆಸ್ಟ್‌ಫಿಟ್, ಫ್ಲೂಮೆ ಮುಂತಾದ ಹಳೆಯ ಕ್ಯಾಟಲಾಗುಗಳು ಈ ಆಕಾರಗಳ ಚಿತ್ರಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿಟ್ಟಿರುವುದು ಅದಕ್ಕೇ. ಕಳಚುವ ಮುನ್ನ ಈ ಭಾಗದ ಒಂದು ಸ್ಪಷ್ಟ ಫೋಟೊ ತೆಗೆದಿಟ್ಟುಕೊಳ್ಳಿ.

ಕ್ಯಾಲಿಬರ್ ಗೊತ್ತಾದ ಮೇಲೆ ಸ್ವಿಸ್ ಭಾಗಗಳನ್ನು ಸಂಖ್ಯೆಯಿಂದಲೇ ಕೇಳಬಹುದು. ಕೀ ಕಡ್ಡಿ 401, ರಾಚೆಟ್ ಚಕ್ರ 415, ಪ್ಯಾಲೆಟ್ ಫೋರ್ಕ್ 710, ಬ್ಯಾಲೆನ್ಸ್ ಸ್ಟಾಫ್ 723, ಮೇನ್ ಸ್ಪ್ರಿಂಗ್ 770. ಈ ಸಂಖ್ಯೆ ಭಾಗ ಯಾವುದೆಂದು ಮಾತ್ರ ಹೇಳುತ್ತದೆ, ಅಳತೆ ಹೇಳುವುದಿಲ್ಲ. ಎಎಸ್ ಮಷೀನಿನ 401 ಇಟಿಎಗೆ ಕೂರುವುದಿಲ್ಲ. ಕ್ಯಾಲಿಬರ್, ಭಾಗ ಎರಡೂ ಸಂಖ್ಯೆ ಒಟ್ಟಿಗೆ ಹೇಳಬೇಕು.

ಅಷ್ಟು ಹೇಳಿದರೂ ಸಾಲದಿರುವುದು ಬ್ಯಾಲೆನ್ಸ್ ಚಕ್ರದ ಅಚ್ಚಾದ ಬ್ಯಾಲೆನ್ಸ್ ಸ್ಟಾಫ್ ವಿಷಯದಲ್ಲಿ. ಒಂದೇ ಕ್ಯಾಲಿಬರ್ ಆಘಾತ ತಡೆ ಇಲ್ಲದೆಯೂ ಬಂದಿರುತ್ತದೆ, ಇಂಕಾಬ್ಲಾಕ್‌ನಂಥ ತಡೆಯೊಂದಿಗೂ ಬಂದಿರುತ್ತದೆ. ಜ್ಯೂಯೆಲ್ ಕೂರುವ ವ್ಯವಸ್ಥೆ ಬದಲಾದಾಗ ಸ್ಟಾಫಿನ ತುದಿಯ ಆಕಾರ, ಒಟ್ಟು ಉದ್ದ ಎರಡೂ ಬದಲಾಗುತ್ತವೆ. ತುದಿಯ ಪಿವಟ್ ಒಂದು ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು ದಪ್ಪವಿರುತ್ತದೆ. ಅಲ್ಲಿ ಕೂದಲೆಳೆಯ ವ್ಯತ್ಯಾಸವಾದರೂ ಚಕ್ರ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಅಲುಗಾಡುತ್ತದೆ. ಮುರಿದ ಸ್ಟಾಫನ್ನು ಎಸೆಯದೆ ಪೊಟ್ಟಣದಲ್ಲಿಡಿ. ಒಂದು ತುದಿ ಮುರಿದಿದ್ದರೂ ಚಕ್ರ, ಹೇರ್ ಸ್ಪ್ರಿಂಗ್, ರೋಲರ್ ಕೂರುವ ಮೂರು ಮೆಟ್ಟಿಲುಗಳ ವ್ಯಾಸ ಅದರಲ್ಲಿ ಉಳಿದೇ ಇರುತ್ತದೆ. ಹೊಸದನ್ನು ಅದರ ಪಕ್ಕದಲ್ಲಿಟ್ಟು ಅಳೆದ ಮೇಲಷ್ಟೇ ಒಪ್ಪಿಕೊಳ್ಳಬೇಕು.

ಮೇನ್ ಸ್ಪ್ರಿಂಗ್‌ನಲ್ಲಿ ಆಗುವ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನನಗೆ ಅದು ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ. ನಾಲ್ಕು ಅಳತೆ ಬೇಕು: ಪಟ್ಟಿಯ ಅಗಲ, ದಪ್ಪ, ಉದ್ದ, ಮತ್ತು ಅದು ಕೂರುವ ಬ್ಯಾರೆಲ್ ಡಬ್ಬಿಯ ಒಳವ್ಯಾಸ. ದಪ್ಪವನ್ನು ಮೈಕ್ರೋಮೀಟರ್‌ನಿಂದಲೇ ಅಳೆಯಬೇಕು. ಸ್ಪ್ರಿಂಗಿನ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ, 0.10 ಮಿ.ಮೀ. ಇರಬೇಕಾದ ಕಡೆ 0.11 ಹಾಕಿದರೆ ಬಲ ಸುಮಾರು ಮೂರನೇ ಒಂದು ಭಾಗದಷ್ಟು ಜಾಸ್ತಿಯಾಗುತ್ತದೆ. ವಾಚು ನಡೆಯುತ್ತದೆ, ಗಿರಾಕಿಗೂ ಖುಷಿ. ಆದರೆ ಬ್ಯಾಲೆನ್ಸ್ ಅತಿಯಾಗಿ ತೂಗಿ, ರೋಲರಿನ ಜ್ಯೂಯೆಲ್ ಫೋರ್ಕಿಗೆ ಹೊರಗಿನಿಂದ ಬಡಿದು, ಗಡಿಯಾರ ವಿಪರೀತ ಮುಂದೆ ಓಡಬಹುದು. ಪಿವಟ್‌ಗಳೂ ಬೇಗ ಸವೆಯುತ್ತವೆ. ಅಗಲ ಜಾಸ್ತಿಯಾದರೆ ಬ್ಯಾರೆಲ್ ಮುಚ್ಚಳಕ್ಕೆ ಉಜ್ಜುತ್ತದೆ. ಉದ್ದ ಜಾಸ್ತಿಯಾದರೆ ಸುತ್ತುಗಳು ಡಬ್ಬಿ ತುಂಬಿಕೊಂಡು, ವಾಚು ನಡೆಯುವ ಅವಧಿ ಹೆಚ್ಚುವ ಬದಲು ಕಡಿಮೆಯೇ ಆಗುತ್ತದೆ. ಹೊರತುದಿಯ ಕೊಕ್ಕೆ ಬ್ಯಾರೆಲ್ ಗೋಡೆಗೆ ಹೇಗೆ ಸಿಕ್ಕಿಕೊಳ್ಳುತ್ತದೆ ಎಂಬುದನ್ನೂ ಹಳೆಯದಕ್ಕೆ ಹೋಲಿಸಿ.

ಇದನ್ನೆಲ್ಲ ಅಳೆಯಲು ಕಳಚುವ ಮುನ್ನ ಸ್ಪ್ರಿಂಗಿನ ಬಿಗಿ ಇಳಿಸಲೇಬೇಕು. ಕೀಯನ್ನು ಬೆರಳುಗಳಲ್ಲಿ ಹಿಡಿದುಕೊಂಡು, ರಾಚೆಟ್ ತಡೆಯುವ ಕ್ಲಿಕ್ಕನ್ನು ಚಿಮುಟದಿಂದ ಪಕ್ಕಕ್ಕೆ ಸರಿಸಿ, ಕೀ ನಿಧಾನವಾಗಿ ಹಿಂದಕ್ಕೆ ತಿರುಗಲು ಬಿಡಿ. ಇನ್ನೊಂದು ಮಾತು: ಬ್ರಿಜ್ ಮೇಲಿನ ಎರಡು ಚಕ್ರಗಳಲ್ಲಿ ರಾಚೆಟ್ಟಿನ ಪಕ್ಕದ ಕ್ರೌನ್ ಚಕ್ರದ ಸ್ಕ್ರೂ ಎಷ್ಟೋ ಮಷೀನುಗಳಲ್ಲಿ ಎಡಮರೆಯದು. ಬಿಚ್ಚಲೆಂದು ಸಾಮಾನ್ಯ ದಿಕ್ಕಿನಲ್ಲಿ ಬಲ ಹಾಕಿದರೆ ತಲೆ ಮುರಿಯುತ್ತದೆ, ಆಗ ಹುಡುಕಬೇಕಾದ ಭಾಗ ಇನ್ನೊಂದು ಹೆಚ್ಚಾಗುತ್ತದೆ.

ಕೀ ಕಡ್ಡಿ ಅಷ್ಟು ಕಷ್ಟದ್ದಲ್ಲ. ಹಳೆಯದರ ಚೌಕ ಭಾಗದ ಉದ್ದ, ಸನ್ನೆ ಕೂರುವ ಕಚ್ಚಿನ ಜಾಗ, ಕೀ ತಲೆ ಸಿಕ್ಕಿಸುವ ಮರೆಯ ದಪ್ಪ ಹೊಂದಿದರೆ ಸಾಕು. ಉದ್ದ ಹೆಚ್ಚಾದರೆ ಕತ್ತರಿಸಿಕೊಳ್ಳಬಹುದು.

ಹಳೆಯ ವಾಚುಗಳ ಮಾರುಕಟ್ಟೆಯಲ್ಲಿ ಎರಡು ಮೂರು ವಾಚುಗಳ ಭಾಗ ಕೂಡಿಸಿ, ಡಯಲ್‌ಗೆ ಹೊಸ ಬಣ್ಣ ಕೊಟ್ಟು ಮಾರುವುದು ಸಾಮಾನ್ಯ. ಅಂಥ ವಾಚಿನಲ್ಲಿ ತಟ್ಟೆಯ ಮೇಲಿನ ಸಂಖ್ಯೆ ಸರಿಯಿದ್ದರೂ ಒಳಗಿನ ಚಕ್ರ ಬೇರೆಯದಿರಬಹುದು. ಬ್ರಿಜ್‌ಗಳ ಹೊಳಪು, ಬಣ್ಣ ಒಂದಕ್ಕೊಂದು ಹೊಂದದಿದ್ದರೆ ಅನುಮಾನಿಸಿ, ಒಳಗಿರುವ ಭಾಗವನ್ನು ಮಾದರಿಯಾಗಿ ನಂಬದೆ ಕ್ಯಾಟಲಾಗಿನ ಅಳತೆಯನ್ನೇ ಹಿಡಿಯಿರಿ.

ಹೊಸ ಭಾಗ ಸಿಗದಾಗ ಉಳಿಯುವ ದಾರಿ ಅದೇ ಕ್ಯಾಲಿಬರಿನ ಕೆಟ್ಟ ಮಷೀನ್ ಕೊಳ್ಳುವುದು. ದುಡ್ಡು ಕೊಡುವ ಮುನ್ನ ನಿಮಗೆ ಬೇಕಾದ ಭಾಗವೇ ಅದರಲ್ಲಿ ಸರಿಯಿದೆಯೇ ನೋಡಿ. ಬ್ಯಾಲೆನ್ಸ್ ಬೇಕಿದ್ದರೆ ಚಿಮುಟದ ತುದಿಯಿಂದ ಅದರ ಚಕ್ರವನ್ನು ಹಗುರವಾಗಿ ಮೇಲೆ ಕೆಳಗೆ ತಾಗಿಸಿ. ಆರೋಗ್ಯವಾದ ಚಕ್ರ ಸ್ವಲ್ಪವೇ ಅಲುಗಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಪಿವಟ್ ಮುರಿದ ಚಕ್ರ ಒಂದು ಬದಿಗೆ ವಾಲುತ್ತದೆ. ಕೈಯಿಂದ ಬಿದ್ದು ಕೆಟ್ಟ ವಾಚುಗಳಲ್ಲಿ ಮೊದಲು ಮುರಿಯುವುದು ಸಾಮಾನ್ಯವಾಗಿ ಈ ಪಿವಟ್ಟೇ ಆದ್ದರಿಂದ, ಸ್ಟಾಫ್ ಬೇಕಾದವರು ಬಿದ್ದ ವಾಚಿಗಿಂತ ಡಯಲ್ ಕೆಟ್ಟ ಅಥವಾ ಸ್ಪ್ರಿಂಗ್ ತುಂಡಾದ ವಾಚನ್ನೇ ಹುಡುಕುವುದು ಲೇಸು.