ನಿಮಗಿದು ಗೊತ್ತೇ? ಬೆಳಕು ಬಿದ್ದರಷ್ಟೇ ಶಿಲೀಂಧ್ರ ಕೊಲ್ಲುವ ಬಣ್ಣಗಳು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ಬೆಳೆಗಾರರ ನಿದ್ದೆ ಕೆಡಿಸಿರುವ ಎಲೆಚುಕ್ಕಿ ರೋಗಕ್ಕೆ ಮುಖ್ಯ ಕಾರಣ ಕೊಲೆಟೋಟ್ರೈಕಮ್ ಎಂಬ ಶಿಲೀಂಧ್ರ. ಇದೇ ಕುಲದ ಎರಡು ಶಿಲೀಂಧ್ರಗಳ ಬೀಜಕಗಳನ್ನು ಮೆಥಿಲೀನ್ ಬ್ಲೂ ಮತ್ತು ಅದರ ದಾಯಾದಿ ಬಣ್ಣಗಳನ್ನು ಬಳಸಿ, ಬೆಳಕು ಹಾಯಿಸಿ ಕೊಂದ ಪ್ರಯೋಗವನ್ನು ಬ್ರೆಜಿಲ್ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಕಿತ್ತಳೆ ಗಿಡದ ಎಲೆಗೆ ಆ ಬಣ್ಣಗಳಿಂದ ಹಾನಿಯಾಗಲಿಲ್ಲ.

ಬಣ್ಣ ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ದಾಟಿಸುತ್ತದೆ. ಕೆರಳಿದ ಆಮ್ಲಜನಕ ನೀರಿನಲ್ಲಿ ಉಳಿಯುವುದು ಕೆಲವೇ ಮೈಕ್ರೋಸೆಕೆಂಡು. ಅಷ್ಟರಲ್ಲೇ ಪೊರೆ, ಪ್ರೋಟೀನು, ಡಿಎನ್‌ಎ ಎನ್ನದೆ ಎಲ್ಲಕ್ಕೂ ಪೆಟ್ಟು ಕೊಡುತ್ತದೆ. ಇಷ್ಟು ಕಡೆ ಒಟ್ಟಿಗೆ ಏಟು ಬಿದ್ದರೆ ಶಿಲೀಂಧ್ರ ಔಷಧಿಗೆ ಒಗ್ಗಿಕೊಳ್ಳುವುದು ಕಷ್ಟ.

ಬಣ್ಣ, ಬೆಳಕು ಸೇರಿ ಕೊಲ್ಲುವುದನ್ನು ಮೊದಲು ಗಮನಿಸಿದ್ದು ಮ್ಯೂನಿಕ್‌ನ ವೈದ್ಯಕೀಯ ವಿದ್ಯಾರ್ಥಿ ಆಸ್ಕರ್ ರಾಬ್. ಅಕ್ರಿಡೀನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಒಂದು ದಿನ ಬೇಗ, ಇನ್ನೊಂದು ದಿನ ತಡವಾಗಿ ಸಾಯುತ್ತಿದ್ದವು. ವ್ಯತ್ಯಾಸ ಇದ್ದದ್ದು ಬೆಳಕಿನಲ್ಲಿ. ವರದಿ ಬಂದದ್ದು 1900ರಲ್ಲಿ.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಮಾತ್ರ ಇದು: ಇದೇ ಅಸ್ತ್ರವನ್ನು ಶಿಲೀಂಧ್ರವೂ ಗಿಡದ ಮೇಲೆ ಬಿಡುತ್ತದೆ! ಕಾಫಿ ಎಲೆಯಲ್ಲಿ ನಡುವೆ ಬೂದು, ಸುತ್ತ ಕಂದು ಇರುವ ಕಣ್ಣಿನಂಥ ಚುಕ್ಕಿ ಕಂಡಿದ್ದೀರಲ್ಲ, ಅದು ಸರ್ಕೋಸ್ಪೊರಾ ಎಂಬ ಶಿಲೀಂಧ್ರದ ಕೆಲಸ. ಅದು ತಯಾರಿಸುವ ಸರ್ಕೋಸ್ಪೊರಿನ್ ಎಂಬ ಕೆಂಪು ಬಣ್ಣ ಬಿಸಿಲು ತಾಗಿದಾಗ ಎಲೆಯ ಜೀವಕೋಶ ಒಡೆಯುತ್ತದೆ. ನೆರಳು ಕಡಿದ ತೋಟದಲ್ಲಿ ಈ ರೋಗ ಜೋರಾಗುವುದಕ್ಕೆ ಇದೂ ಒಂದು ಕಾರಣ. ತನ್ನ ವಿಷ ತನಗೇ ತಾಗದಂತೆ ಅದು ಕಾಪಾಡಿಕೊಳ್ಳುವುದು ಹೇಗೆಂದು ಹುಡುಕುತ್ತಾ ಹೋದವರಿಗೆ, ಕೆರಳಿದ ಆಮ್ಲಜನಕವನ್ನು ಬಿ6 ಜೀವಸತ್ವ ತಣಿಸುತ್ತದೆ ಎಂಬ ಹೊಸ ಸಂಗತಿಯೂ ಸಿಕ್ಕಿತು.

ಅರಿಶಿನದ ಕರ್ಕ್ಯುಮಿನ್ ಕೂಡ ಇದೇ ಗುಂಪಿನದು, ನೀಲಿ ಬೆಳಕಿಗೆ ಎಚ್ಚರಗೊಳ್ಳುತ್ತದೆ. ಆದರೆ ನೀರಿನಲ್ಲಿ ಕರಗದು, ಬಿಸಿಲಿಗೆ ಬೇಗ ಮಾಸುತ್ತದೆ. ಬಟ್ಟೆಯ ಅರಿಶಿನದ ಕಲೆ ಬಿಸಿಲಲ್ಲಿ ಹೋಗುವುದು ಅದಕ್ಕೇ.

ಹಾಗಾದರೆ ಅಡಿಕೆಯ ಕೊಳೆರೋಗಕ್ಕೂ ಈ ಬಣ್ಣಗಳು ಆಗುತ್ತವೆಯೇ? ಅದನ್ನು ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವೇ ಅಲ್ಲ, ನೀರುಬೂಷ್ಟಿನ ಜಾತಿ. ಮೈಸೂರು ಸಂಸ್ಥಾನದ ಸೇವೆಗೆ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಈ ರೋಗಕ್ಕೆ ಸಿಂಪಡಿಸುವ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣಕ್ಕೆ ಬಿಸಿಲಿನ ಹಂಗಿಲ್ಲ. ಹಗಲಲ್ಲೂ ದೀಪ ಹಾಕಬೇಕಾದ ಆಷಾಢದಲ್ಲಿ, ಮಳೆ ತೊಳೆದುಬಿಡುವ ಬಣ್ಣ ಅದರ ಜಾಗಕ್ಕೆ ಬರಲಾರದು. ಬಣ್ಣವನ್ನು ಮೊದಲು ಪರೀಕ್ಷಿಸಬೇಕಾದ ಜಾಗ ಸಸಿಮಡಿ ಎಂದು ನನಗನ್ನಿಸುತ್ತದೆ. ಅಲ್ಲಿ ಮಳೆಗೆ ಮರೆಯಿದೆ, ಎಲೆ ಕೈಗೆಟಕುತ್ತದೆ, ಬೇಕಾದರೆ ಎಲ್‌ಇಡಿ ದೀಪವನ್ನೂ ತೂಗುಹಾಕಬಹುದು.